ನೀಲಿ ಹಗ್ಗದ ಗಂಟು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಟ್ಟರೆ ಒಳ್ಳೆಯದು, ಬೇರೆಯವರ ಬಾಯಲ್ಲಿ ಕೇಳಿದರೆ ಇನ್ನೂ ಜಾಸ್ತಿ ಅನ್ನಿಸುತ್ತದೆ. ಬಿಳಿಗೆರೆಯಲ್ಲಿ ಉಗ್ರಪ್ಪ ಎಂದರೆ ಯಾರಾದರೂ ನಮ್ಮ ಮನೆ ತೋರಿಸುತ್ತಾರೆ, ತೋರಿಸುವಾಗ ಸ್ವಲ್ಪ ನಗುತ್ತಾರೆ. ನಗಲಿ. ನನ್ನ ಹೆಂಡತಿ ಕೊಲ್ಲಾಪುರಮ್ಮನೂ ನಗುತ್ತಾಳೆ. ಈ ಕಥೆಯನ್ನು ಅವಳು ಬೇರೆ ಥರ ಹೇಳುತ್ತಾಳೆ, ಅದರಲ್ಲಿ ನಾನು ಇನ್ನೂ ದಡ್ಡ. ನೀವು ನನ್ನದನ್ನೇ ಕೇಳಿ.

ಸಿಟ್ಟಿನ ಜೊತೆಗೆ ಗಂಟಿನ ವಿಷಯದಲ್ಲಿ ನನಗೆ ಜಂಬವೂ ಇತ್ತು. ನಮ್ಮಪ್ಪ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದವನು. ಮಟ್ಟೆಯನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ಬಿಡಿಸಿ, ಕೂತಲ್ಲೇ ಮಾರುಗಟ್ಟಲೆ ಹಗ್ಗ ಮಾಡುತ್ತಿದ್ದ. ಎರಡು ಹಗ್ಗ ಕೂಡಿಸುವುದನ್ನು ನನಗೆ ಐದನೇ ವಯಸ್ಸಿಗೇ ಕಲಿಸಿದ. ಈ ತುದಿಯನ್ನು ಆ ತುದಿಯ ಮೇಲೆ ಹಾಕಿ ಬಿಗಿ, ಮತ್ತೆ ಅದೇ ಥರ ಇನ್ನೊಂದು ಸಲ ಹಾಕಿ ಬಿಗಿ, ಮುಗೀತು. ಆ ಗಂಟಿನಲ್ಲಿ ನಾನು ಐವತ್ತೈದು ವರ್ಷ ಹಸು ಕಟ್ಟಿದ್ದೇನೆ, ಹುಲ್ಲಿನ ಹೊರೆ ಕಟ್ಟಿದ್ದೇನೆ, ಬಾವಿಗೆ ಬಿಂದಿಗೆ ಇಳಿಸಿದ್ದೇನೆ, ಗಾಡಿಗೆ ಕಾಯಿ ಮೂಟೆ ಬಿಗಿದಿದ್ದೇನೆ. ಒಂದು ಸಲವೂ ಬಿಚ್ಚಿದ್ದಿಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಹಗ್ಗ ಕೂಡಿಸಬೇಕಾದರೂ ನನ್ನನ್ನೇ ಕರೆಯುತ್ತಿದ್ದರು. ನಾನು ಬೈದುಕೊಂಡೇ ಹೋಗಿ ಕಟ್ಟಿಕೊಟ್ಟು ಬರುತ್ತಿದ್ದೆ.

ಇಂಥವನು ಹೋದ ವರ್ಷ, ಅಂದರೆ ತೊಂಬತ್ತೆಂಟರ ಯುಗಾದಿಗೆ, ಮೊಮ್ಮಗಳು ಸ್ಪಂದನಳಿಗೆ ಉಯ್ಯಾಲೆ ಕಟ್ಟಿದೆ. ನಮ್ಮ ಮನೆಯಲ್ಲಿ ಯುಗಾದಿಗೆ ಹೋಳಿಗೆ ತಪ್ಪಿದರೂ ಉಯ್ಯಾಲೆ ತಪ್ಪುವಂತಿಲ್ಲ. ತೋಟದ ಅಂಚಿನಲ್ಲಿ ಒಂದು ಹುಣಸೆ ಮರವಿದೆ, ಅದರ ಕೊಂಬೆ ಬಹಳ ಎತ್ತರ. ಮನೆಯಲ್ಲಿದ್ದ ದಪ್ಪ ನಾರಿನ ಹಗ್ಗ ಎರಡನ್ನು ಕೊಂಬೆಯಿಂದ ಇಳಿಬಿಟ್ಟರೆ ಅರ್ಧಕ್ಕೇ ನಿಂತವು. ತಿಪಟೂರಿನ ನಜೀರ್ ಅಹಮದ್ ಅಂಗಡಿಯಿಂದ ಹೊಸದಾಗಿ ನೀಲಿ ಪ್ಲಾಸ್ಟಿಕ್ ಹಗ್ಗ ತಂದಿದ್ದೆ. ಅದರ ಎರಡು ತುದಿಯನ್ನೂ ಆ ನಾರಿನ ಹಗ್ಗಗಳಿಗೆ ಕೂಡಿಸಿ, ಕೆಳಗೆ ಮಣೆ ಇಟ್ಟೆ. ನಮ್ಮಪ್ಪನ ಗಂಟು, ಎರಡು ಕಡೆಯೂ.

ಸ್ಪಂದನಳಿಗೆ ಆಗ ಎಂಟು ವರ್ಷ. ಉಯ್ಯಾಲೆಯಲ್ಲಿ ಕೂತರೆ ಅವಳಿಗೆ ತಲೆ ಹಿಂದಕ್ಕೆ ವಾಲಿಸಿ ಮರವನ್ನು ನೋಡುವ ಅಭ್ಯಾಸ. ಹಾಗೆ ನೋಡುತ್ತಾ ಆಡುತ್ತಾ ಇದ್ದವಳು ಮುಂದಕ್ಕೆ ಹೋದಾಗ ದೊಪ್ಪೆಂದು ಬಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಮಗ ಕಾಂತೇಶ, ಸೊಸೆ ಇಬ್ಬರೂ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ತಿಪಟೂರಿಗೆ ಹೋದರು. ನಾನು ಮರದ ಕೆಳಗೇ ನಿಂತಿದ್ದೆ.

ಸಂಜೆ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದಾಗ ಜಗುಲಿಯ ತುಂಬ ಜನ. ಪಕ್ಕದ ತೋಟದ ಮಲ್ಲಿಕಾರ್ಜುನಯ್ಯ ಎಲ್ಲರ ಪರವಾಗಿ ಕೇಳಿದ.

"ಏನಾಯ್ತು ಉಗ್ರಣ್ಣ, ನಿನ್ನ ಕೈ ಗಂಟು ಹಿಂಗಾಗಾಕಿಲ್ವಲ್ಲ."

"ಗಂಟಿಗೇನಾಗದೆ? ಹಗ್ಗ ಕಿತ್ತೋಯ್ತು ಕಣಯ್ಯ. ನಜೀರ್ ಸಾಬ್ರು ಲಡ್ಡು ಹಿಡಿದಿರೋ ಹಗ್ಗ ಕೊಟ್ಟವ್ರೆ" ಎಂದೆ.

ಅಮ್ಮನ ತೊಡೆಯ ಮೇಲಿದ್ದ ಸ್ಪಂದನ ತಲೆ ಎತ್ತಿದಳು. "ಹಗ್ಗ ಕಿತ್ತಿಲ್ಲ ತಾತ. ಗಂಟು ಬಿಚ್ಕೊಂತು. ನಾನು ಮ್ಯಾಕೇ ನೋಡ್ತಿದ್ದೆ."

ಹತ್ತು ಜನರ ಎದುರು. ನನ್ನ ಕಿವಿ ಬಿಸಿಯಾಯಿತು. "ಸುಳ್ಳು ಹೇಳ್ಬ್ಯಾಡ. ಬಿದ್ದಿರೋ ಭಯಕ್ಕೆ ಏನೇನೋ ಬಡಬಡಿಸ್ತೀಯ" ಎಂದು ಗದರಿದೆ.

ಅವಳು ನನ್ನನ್ನೇ ನೋಡಿದಳು. ಅಳಲಿಲ್ಲ. ಮೂಳೆ ಮುರಿದಾಗ ಅತ್ತಿದ್ದಳು, ಈಗ ಅಳಲಿಲ್ಲ. ನಾನು ಎದ್ದು ಹೋಗಿ ಮರದಿಂದ ಎಲ್ಲವನ್ನೂ ಬಿಚ್ಚಿ, ನೀಲಿ ಹಗ್ಗವನ್ನು ಸುತ್ತಿ ಅಟ್ಟದ ಮೇಲೆ ಎಸೆದೆ. ಅದೇ ವಾರ ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿದೆವು. ಹಗ್ಗ ಕಾಯಿ ರಾಶಿಯ ಅಡಿಗೆ ಹೋಯಿತು. ನಮ್ಮ ಕಡೆಯ ಕೊಬ್ಬರಿ ನಿಮಗೆ ಗೊತ್ತಲ್ಲ, ಕಾಯಿ ಒಂದು ವರ್ಷ ಅಟ್ಟದಲ್ಲೇ ಕೂತು ಒಳಗಿನ ನೀರೆಲ್ಲ ಆರಿ, ಅಲುಗಾಡಿಸಿದರೆ ಲೊಟಲೊಟ ಅನ್ನುವವರೆಗೆ ಯಾರೂ ಮುಟ್ಟುವುದಿಲ್ಲ. ಒಂದು ವರ್ಷ ನನಗೆ ಆ ಹಗ್ಗದ ಮುಖ ನೋಡುವ ಗೋಜಿಲ್ಲ.

ಗಂಟು ಬಿಚ್ಚಿದ್ದು ನಿನಗೆ ಗೊತ್ತಿತ್ತೇನಯ್ಯ ಎಂದು ನೀವು ಕೇಳಬಹುದು. ಗೊತ್ತಿತ್ತು. ಹಗ್ಗ ಸುತ್ತುವಾಗ ನಾನು ಕಣ್ಣು ಬೇರೆ ಕಡೆ ಇಟ್ಟುಕೊಂಡು ಸುತ್ತಿದೆ. ಗೊತ್ತಿಲ್ಲದವನು ಹಾಗೆ ಸುತ್ತುವುದಿಲ್ಲ.

ಕೈ ಒಂದೂವರೆ ತಿಂಗಳಲ್ಲಿ ಸರಿಹೋಯಿತು. ಸರಿಹೋಗದೆ ಉಳಿದದ್ದು ಬೇರೆ. ಮೊದಲು ಈ ಹುಡುಗಿ ಸ್ಕೂಲಿನಿಂದ ಬಂದರೆ ಬ್ಯಾಗನ್ನೂ ಇಳಿಸದೆ ನನ್ನ ಪಕ್ಕ ಕೂತು ಇಡೀ ದಿನದ ಕಥೆ ಹೇಳುತ್ತಿದ್ದಳು. ಯಾರು ಯಾರಿಗೆ ಹೊಡೆದರು, ಮೇಷ್ಟ್ರು ಎಲ್ಲಿ ನಿದ್ದೆ ಮಾಡಿದರು, ಎಲ್ಲ. ಈಗ ಕೇಳಿದರೆ "ಏನಿಲ್ಲ ತಾತ" ಎಂದು ಒಳಗೆ ಹೋಗುತ್ತಿದ್ದಳು. ಮರ್ಯಾದೆಯಾಗಿಯೇ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ, ಮುನಿಸಿಕೊಂಡು ನಾಲ್ಕು ಮಾತು ಬೈದಿದ್ದರೆ ನಾನೂ ಬೈದು ರಾಜಿಯಾಗುತ್ತಿದ್ದೆ.

ಇನ್ನೊಂದು ಅಭ್ಯಾಸ ಅವಳಿಗೆ ಅಂಟಿಕೊಂಡಿತು. ಏನು ಹೇಳಿದರೂ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು. "ಅವ್ವ, ಕರು ಹಗ್ಗ ಬಿಡಿಸ್ಕೊಂಡು ಹಾಲು ಕುಡಿದ್ಬಿಡ್ತು. ಸುಳ್ಳಲ್ಲ." "ಅಪ್ಪ, ನಂಗೆ ಲೆಕ್ಕದಲ್ಲಿ ಇಪ್ಪತ್ತಕ್ಕೆ ಹದಿನೆಂಟು. ಸುಳ್ಳಲ್ಲ." ಮಳೆ ಬಂತು ಎಂದು ಹೇಳುವುದಕ್ಕೂ ಸುಳ್ಳಲ್ಲ. ಮಿಕ್ಕವರು ಅದನ್ನು ಮಕ್ಕಳ ಆಟ ಅಂದುಕೊಂಡರು. ನಾನು ಮಾತ್ರ ಪ್ರತಿ ಸಲವೂ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದೆ.

ಈ ವರ್ಷ ಯುಗಾದಿಗೆ ಹದಿನೈದು ದಿನ ಇರುವಾಗ ಕೂಲಿಯಾಳು ಹುಚ್ಚಣ್ಣ ಕಾಯಿ ಇಳಿಸುವುದಕ್ಕೆ ಬಂದ. ಅವನು ಅಟ್ಟದಿಂದ ಕಾಯಿ ಉರುಳಿಸುವುದು, ಕೊಲ್ಲಾಪುರಮ್ಮ ಕೆಳಗೆ ರಾಶಿ ಮಾಡುವುದು, ನಾನು ಸುಲಿಯುವುದು. ಮಧ್ಯಾಹ್ನದ ಹೊತ್ತಿಗೆ ಅಟ್ಟದ ಮೂಲೆ ಬರಿದಾಯಿತು.

"ಇದೇನೋ ಹಗ್ಗ ಐತೆ ಕಣಕ್ಕ" ಎಂದು ಹುಚ್ಚಣ್ಣ ನೀಲಿ ಸುರುಳಿಯನ್ನು ಅವಳ ಮುಂದೆಯೇ ಎಸೆದ. ಆ ಮನುಷ್ಯನಿಗೆ ಬೇರೆ ಜಾಗ ಸಿಗಲಿಲ್ಲ.

ಕೊಲ್ಲಾಪುರಮ್ಮ ರಾಶಿ ಬಿಟ್ಟು ಜಗುಲಿಯ ಮೇಲೆ ಕೂತಳು. ಸುರುಳಿ ಬಿಚ್ಚಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ಆ ತುದಿಯಿಂದ ಈ ತುದಿಯವರೆಗೆ ಬೆರಳಲ್ಲಿ ಸವರಿಕೊಂಡು ನೋಡಿದಳು. ಪ್ಲಾಸ್ಟಿಕ್ ಹಗ್ಗದ ತುದಿ ಬಿಚ್ಚಿಹೋಗದಿರಲಿ ಎಂದು ಅಂಗಡಿಯವರು ಬೆಂಕಿಗೆ ಹಿಡಿದು ಕರಗಿಸಿ ಕೊಡುತ್ತಾರೆ. ಎರಡು ತುದಿಯಲ್ಲೂ ಆ ಕರಗಿದ ಗುಂಡು ಹಾಗೇ ಇತ್ತು. ನಡುವೆ ಒಂದು ಎಳೆ ಕೂಡ ಎದ್ದಿರಲಿಲ್ಲ.

"ರೀ, ಇಲ್ಲಿ ಬನ್ನಿ."

"ಕೆಲಸ ಐತೆ."

"ಬನ್ನಿ ಅಂದೆ. ಎಲ್ಲಿ ಕಿತ್ತೈತೆ ತೋರ್ಸಿ ಸ್ವಲ್ಪ. ನಂಗೆ ಕಣ್ಣು ಮಂಜು."

ಅವಳ ಕಣ್ಣು ಮಂಜಲ್ಲ, ಅರ್ಧ ಮೈಲಿ ಆಚೆ ನಾನು ಬೀಡಿ ಹಚ್ಚಿದರೂ ಕಾಣುತ್ತದೆ. ನಾನು ಹಗ್ಗ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. "ಇಲ್ಲೆಲ್ಲೋ ಇರ್ಬೇಕು" ಎಂದೆ.

"ಎಲ್ಲೂ ಇಲ್ಲ ಬುಡಿ. ಮಗೀನ ಕೈಗೆ ಪಟ್ಟಿ ಹಾಕುಸ್ದೋ, ವಾಸಿ ಆಯ್ತು. ನೀವಂದ ಮಾತಿಗೆ ಯಾವ ಪಟ್ಟಿ ಹಾಕುಸ್ತೀರ?"

ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅಟ್ಟದ ಮೇಲಿದ್ದ ಹುಚ್ಚಣ್ಣ ಕೆಮ್ಮಿದ. ಅವನು ಕೇಳಿಸಿಕೊಂಡ ಮೇಲೆ ಅರ್ಧ ಊರು ಕೇಳಿಸಿಕೊಂಡ ಹಾಗೆಯೇ. ಆದರೂ ಅವತ್ತು ನನಗೆ ಊರಿನ ಚಿಂತೆ ಇರಲಿಲ್ಲ, ಆ ಹುಡುಗಿ ಸ್ಕೂಲಿನಿಂದ ಬರುವ ಹೊತ್ತಾಗುತ್ತಿದೆಯಲ್ಲ ಎಂದು ಭಯವಾಯಿತು. ಬಂದಳು. ಜಗುಲಿಯ ಮೇಲೆ ಹಗ್ಗ ನೋಡಿದಳು. ಅದನ್ನು ದಾಟಿಕೊಂಡು ಒಳಗೆ ಹೋದಳು. ಇವಳ ಹತ್ತಿರ ತಪ್ಪು ಒಪ್ಪಿಕೊಳ್ಳಬೇಕು ಎನ್ನುವುದು ಆ ಕ್ಷಣಕ್ಕೆ ನಿಶ್ಚಯವಾಯಿತು. ಬರೀ ಬಾಯಲ್ಲಿ ಒಪ್ಪಿಕೊಂಡರೆ ಸಾಲದು, ನಿಲ್ಲುವ ಗಂಟು ಯಾವುದು ಎಂದು ಕಲಿತು ಬಂದೇ ಒಪ್ಪಿಕೊಳ್ಳಬೇಕು ಅಂದುಕೊಂಡೆ.

ಮಾರನೇ ದಿನ ಬೆಳಗಿನ ಬಸ್ಸಿಗೆ ತಿಪಟೂರಿಗೆ ಹೋದೆ. ನಜೀರ್ ಅಹಮದರದು ಹಗ್ಗ, ಗೋಣಿಚೀಲ, ಟಾರ್ಪಾಲಿನ ಅಂಗಡಿ. ಮುಂದೆ ಅವರು ಕೂರುತ್ತಾರೆ, ಒಳಗೆ ಅವರ ಹೆಂಡತಿ ಅಖ್ತರ್ ಬೇಗಂ ದಬ್ಬಳ ಹಿಡಿದು ಟಾರ್ಪಾಲು ಹೊಲಿಯುತ್ತಾರೆ. ಬಸ್ಸಿನಲ್ಲಿ ಬರುವಾಗ ಒಂದು ಒಳ್ಳೆಯ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಎಲ್ಲೋ ಬಿದ್ದುಹೋಯಿತು. ಹಗ್ಗವನ್ನು ಮೇಜಿನ ಮೇಲೆ ಇಟ್ಟು, "ನಾರಿನ ಹಗ್ಗಕ್ಕೆ ಕೂಡಿಸಿದ್ರೆ ಇದರಲ್ಲಿ ಗಂಟು ನಿಲ್ಲಾಕಿಲ್ಲ ಸಾಬ್ರೇ" ಎಂದುಬಿಟ್ಟೆ, ತಪ್ಪು ಅವರದೇ ಅನ್ನುವ ಧ್ವನಿಯಲ್ಲಿ.

ನಜೀರ್ ಅಹಮದ್ ಹಗ್ಗವನ್ನು ಗುರುತಿಸಿದರು. ಕಾಲಲ್ಲಿ ಒಂದು ಕಡೆ ತುಳಿದು ಕೈಯಲ್ಲಿ ಎಳೆದು ನೋಡಿದರು. ಆಮೇಲೆ ನಾರಿನದೊಂದು, ಪ್ಲಾಸ್ಟಿಕ್ಕಿನದೊಂದು ಹಳೆಯ ತುಂಡು ಕೊಟ್ಟು, "ಹೆಂಗೆ ಕಟ್ಟಿದ್ರಿ, ಕಟ್ಟಿ ತೋರ್ಸಿ ಯಜಮಾನ್ರೇ" ಎಂದರು.

ಕಟ್ಟಿದೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ಒಳಗಿನಿಂದ ಬಂದ ಅಖ್ತರ್ ಬೇಗಂ ಹಿಡಿದರು. ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರು. ಉಯ್ಯಾಲೆ ಜಗ್ಗುವುದೂ ಹಾಗೆಯೇ ಅಲ್ಲವೇ. ಆರನೇ ಸಲಕ್ಕೆ ಗಂಟು ಮೆಲ್ಲಗೆ ಹೊರಳಿತು, ಒಂದು ತುದಿ ಒಳಕ್ಕೆ ಸರಿಯಿತು, ಎಂಟನೆಯದಕ್ಕೆ ಎರಡು ತುಂಡೂ ಬೇರೆಯಾದವು.

"ಇದು ಗಂಟಲ್ಲ" ಎಂದರು ಅಖ್ತರ್ ಬೇಗಂ.

"ಏನಮ್ಮ, ಐವತ್ತೈದು ವರ್ಷದಿಂದ ಕಟ್ಟಿದೀನಿ ನಾನು. ಗೂಳಿ ನಿಂತೈತೆ ಇದರಲ್ಲಿ."

"ಯಾವ ಹಗ್ಗದಲ್ಲಿ?"

"ನಾರಿಂದು."

"ಅದಕ್ಕೇ ನಿಂತೈತೆ." ಒಳಗೆ ಹೋಗಿ ನಾರಿನ ಹಗ್ಗದ ಎರಡು ತುಂಡು ತಂದರು. "ಇದರಲ್ಲಿ ಕಟ್ಟಿ."

ಅದೇ ಗಂಟು ಕಟ್ಟಿದೆ. ಗಂಡ ಹೆಂಡತಿ ಇಬ್ಬರೂ ಎಷ್ಟು ಜಗ್ಗಿದರೂ ಅಲ್ಲಾಡಲಿಲ್ಲ. ಆಯಮ್ಮ ಗಂಟನ್ನು ನನ್ನ ಕಣ್ಣ ಹತ್ತಿರ ಹಿಡಿದು ತೋರಿಸಿದರು. "ನೋಡಿ, ನಾರಿಗೆ ಮೈಯೆಲ್ಲ ಮುಳ್ಳು. ಹೆಂಗೆ ಕಟ್ಟಿದ್ರೂ ಕಚ್ಕಂತದೆ. ನಿಮ್ಮ ಗಂಟು ಮೊದಲಿಂದ್ಲೂ ತಪ್ಪೇ. ನಾರು ಹಿಡ್ಕಂಡಿತ್ತು ಅಷ್ಟೆ. ಪ್ಲಾಸ್ಟಿಕ್ಕು ನುಣ್ಣಗಿರ್ತದೆ, ಅದು ಯಾಕೆ ಹಿಡ್ಕಂತದೆ?"

ನಾನು ಅಲ್ಲಿದ್ದ ಗೋಣಿಚೀಲದ ಕಟ್ಟಿನ ಮೇಲೆ ಕೂತೆ. ಐವತ್ತೈದು ವರ್ಷ ನಾನು ಕಟ್ಟಿದ್ದೇನೆ, ನಾನು ಕಟ್ಟಿದ್ದೇನೆ ಎಂದು ಮೆರೆದಾಡಿದ್ದೆನಲ್ಲ. ಅಷ್ಟೂ ವರ್ಷ ಹಿಡಿದುಕೊಂಡಿದ್ದದ್ದು ನಾರು. ನಮ್ಮಪ್ಪನಿಗೂ ಇದು ಗೊತ್ತಿರಲಿಲ್ಲ, ಪಾಪ. ನಾರಿನ ಹಗ್ಗ ಬಿಟ್ಟು ಬೇರೆ ಹಗ್ಗ ಅವನು ಕಂಡವನೇ ಅಲ್ಲ.

ನಜೀರ್ ಅಹಮದ್ ಟೀ ತರಿಸಿದರು. ಕುಡಿಯುತ್ತಾ ಮೆಲ್ಲಗೆ ಹೇಳಿದರು. "ಹೋದ ವರ್ಷ ನಿಮ್ಮನೇ ಮಗು ಬಿತ್ತು, ನಮ್ಮ ಹಗ್ಗ ಕಿತ್ತೋಯ್ತು ಅಂತ ಬಿಳಿಗೆರೆಯೋರು ಹೇಳಿದ್ರು. ಅವತ್ತಿಂದ ಇವಳಿಗೆ ಸಮಾಧಾನ ಇಲ್ಲ. ಯಾವ ಹಗ್ಗ ಬಂದ್ರೂ ಮಾರು ಮಾರೂ ಎಳೆದು ನೋಡ್ತಾಳೆ, ಆಮೇಲೇ ಮಾರಾಕೆ ಕೊಡೋದು. ನಮ್ಮಿಂದ ಒಂದು ಮಗೀನ ಕೈ ಮುರೀತಲ್ಲ ಅಂತ."

ನಾನು ಟೀ ಲೋಟ ಪಕ್ಕಕ್ಕಿಟ್ಟೆ. ನನ್ನ ಒಂದು ಸುಳ್ಳು ಒಂದು ಹುಡುಗಿಯ ತಲೆಯ ಮೇಲೆ ಕೂತಿದೆ ಎಂದುಕೊಂಡು ಬಂದಿದ್ದೆ. ಇಲ್ಲಿ ಇನ್ನೊಬ್ಬರ ತಲೆಯ ಮೇಲೂ ಕೂತಿತ್ತು.

"ಹಗ್ಗ ಕಿತ್ತಿರ್ಲಿಲ್ಲ ತಾಯಿ" ಎಂದೆ. "ಗಂಟು ಬಿಚ್ಕೊಂತು. ಮಗು ಅವತ್ತೇ ಹೇಳ್ತು. ನಾನೇ ಸುಳ್ಳು ಹೇಳಿದ್ದು."

ಮತ್ತೆ ಹೊಲಿಗೆಗೆ ಕೂತಿದ್ದ ಅಖ್ತರ್ ಬೇಗಂ ಕೈಯಲ್ಲಿದ್ದ ದಬ್ಬಳವನ್ನು ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. "ಸದ್ಯ" ಎಂದರು ಅಷ್ಟೆ, ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು, "ಕೈ ನೆಟ್ಟಗಾಯ್ತಾ? ಬರೀತಾಳಾ?"

"ಬರೀತಾಳೆ. ಲೆಕ್ಕದಲ್ಲಿ ಇಪ್ಪತ್ತಕ್ಕೆ ಹದಿನೆಂಟು."

"ಹಂಗಾದ್ರೆ ಇಲ್ಲಿ ಬನ್ನಿ, ಕಲ್ಕಳಿ" ಎಂದು ಎರಡು ಹಗ್ಗ ಎತ್ತಿಕೊಂಡರು, ಒಂದು ದಪ್ಪ ನಾರಿನದು, ಒಂದು ಸಣ್ಣ ಪ್ಲಾಸ್ಟಿಕ್ಕಿನದು. ಆಯಮ್ಮನ ತವರು ಚಿಕ್ಕನಾಯಕನಹಳ್ಳಿ, ಅಪ್ಪ ಲಾರಿಗೆ ಲೋಡು ಕಟ್ಟುತ್ತಿದ್ದವರಂತೆ. ಅವರಿಂದಲೇ ಕಲಿತದ್ದು.

"ದಪ್ಪ ಹಗ್ಗದ ತುದೀನ ಹಿಂಗೆ ಮಡಚಿ ಹಿಡ್ಕಳಿ. ಅದು ಸುಮ್ನೆ ಬಗ್ಗಿ ನಿಂತಿರ್ಬೇಕು, ಏನೂ ಕೆಲಸ ಮಾಡ್ಬಾರ್ದು. ಕೆಲಸ ಎಲ್ಲ ಸಣ್ಣದ್ದೇ. ಈ ಮಡಿಕೆ ಒಳಗಿಂದ ಮ್ಯಾಕೆ ಬರ್ಬೇಕು. ಬಂದು ದಪ್ಪದ್ದರ ಎರಡೂ ಎಳೆ ಹಿಂದಿಂದ ಸುತ್ತಬೇಕು. ಸುತ್ತಿ ಬಂದು, ವಾಪಸ್ ಮಡಿಕೆ ಒಳಗೆ ಹೋಗ್ಬಾರ್ದು. ತನ್ನ ಮೈ ಕೆಳಗೇ ತೂರ್ಬೇಕು. ಈಗ ಎಳೀರಿ."

ಎಳೆದೆ. ಸಣ್ಣ ಹಗ್ಗ ತನ್ನನ್ನು ತಾನೇ ಅದುಮಿಕೊಂಡು ಕೂತಿತು. ಜಗ್ಗಿದಷ್ಟೂ ಬಿಗಿಯಾಯಿತು. ನೋಡುವುದಕ್ಕೆ ಇಷ್ಟೇ. ನಾನು ಕಟ್ಟುವುದಕ್ಕೆ ಹೋದರೆ ಐದು ಸಲವೂ ತುದಿಯನ್ನು ಮಡಿಕೆಯ ಒಳಗೇ ತೂರಿಸಿದೆ. ಕೈಗೆ ಹಳೆಯ ದಾರಿಯೇ ಗೊತ್ತು, ಹೇಳಿದ ಮಾತು ಕೇಳುವುದಿಲ್ಲ. ಐದನೇ ಸಲ ನಾನು ಹಗ್ಗವನ್ನು ನೆಲಕ್ಕೆ ಬಿಸಾಕಿದೆ.

"ಸಿಟ್ಟು ಮಾಡಿದ್ರೆ ಹಗ್ಗಕ್ಕೇನು ಗೊತ್ತಾಯ್ತದೆ" ಎಂದು ಆಯಮ್ಮ ಅದನ್ನೇ ಎತ್ತಿಕೊಟ್ಟರು. "ಮತ್ತೆ ಕಟ್ಟಿ."

ನನಗೆ ಹಾಗೆ ಹೇಳಿದವರು ಇನ್ನೊಬ್ಬರಿಲ್ಲ, ಮನೆಯವಳನ್ನು ಬಿಟ್ಟರೆ. ಒಂಬತ್ತನೇ ಸಲ ಬಂತು. ಹತ್ತನೇ ಸಲ ತಪ್ಪಿತು. ಹದಿಮೂರನೆಯದಕ್ಕೆ ಕಣ್ಣು ಮುಚ್ಚಿಸಿ ಕಟ್ಟಿಸಿದರು.

ಹೊರಡುವಾಗ ಅಖ್ತರ್ ಬೇಗಂ ಒಂದು ಮಾತು ಹೇಳಿದರು. "ಮಗು ಕೂರೋದಕ್ಕೆ ಗಂಟೇ ಬ್ಯಾಡ ಯಜಮಾನ್ರೇ. ಉದ್ದಕ್ಕೂ ಒಂದೇ ಹಗ್ಗ ತಗಂಡೋಗಿ."

"ಇಲ್ಲ ತಾಯಿ. ಗಂಟು ಬಿಚ್ಚಿದ್ದನ್ನ ನೋಡೈತೆ ಮಗು. ನಿಲ್ಲೋದನ್ನೂ ನೋಡ್ಬೇಕು."

ಅವರು ಸಣ್ಣ ಹಗ್ಗವನ್ನು ಮತ್ತೆ ಎತ್ತಿಕೊಂಡರು. "ಹಂಗಾದ್ರೆ ಸುತ್ತು ಒಂದಲ್ಲ, ಎರಡು ಹಾಕಿ. ತುದಿ ಒಂದು ಗೇಣು ಉದ್ದ ಬುಡಿ. ಮೊದಲು ಮೂಟೆ ಕೂರ್ಸಿ, ಆಮೇಲೆ ನೀವು ಕೂತ್ಕಳಿ, ಆಮೇಲೆ ಮಗು."

ಆ ಹದಿನಾಲ್ಕು ದಿನ ನಮ್ಮ ಮನೆಯಲ್ಲಿ ಕೂಡಿಸದೆ ಉಳಿದ ಹಗ್ಗ ಇರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಏಳು ಗಂಟು ಬಿದ್ದವು. ಕರುವಿನ ಹಗ್ಗಕ್ಕೆ, ಬಾವಿ ಹಗ್ಗಕ್ಕೆ, ಕೊನೆಗೆ ಕಾಂತೇಶನ ಬೈಕಿನ ಹಿಂದೆ ಕಟ್ಟಿದ್ದ ರಬ್ಬರ್ ಪಟ್ಟಿಗೂ ಒಂದು. "ಇನ್ನು ನನ್ನ ಸೆರಗೊಂದು ಬಾಕಿ" ಎಂದು ಕೊಲ್ಲಾಪುರಮ್ಮ ಸುಲಿದ ಕೊಬ್ಬರಿ ಒಣಹಾಕುತ್ತಾ ಅಂದಳು. ಬಾಗಿಲ ಸಂದಿಯಿಂದ ಸ್ಪಂದನ ಎರಡು ಮೂರು ಸಲ ನೋಡುತ್ತಿದ್ದದ್ದು ನನಗೆ ಗೊತ್ತಾಯಿತು. ನಾನು ತಿರುಗಿದರೆ ಹೋಗಿಬಿಡುತ್ತಿದ್ದಳು.

ಹಬ್ಬದ ಹಿಂದಿನ ದಿನ ಹುಣಸೆ ಮರಕ್ಕೆ ಅವೇ ಹಗ್ಗ ಕಟ್ಟಿದೆ, ಅದೇ ನಾರಿನದು, ಅದೇ ನೀಲಿಯದು. ಮಣೆಯ ಮೇಲೆ ಎರಡು ಕಾಯಿ ಮೂಟೆ ಬಿಗಿದು ದಿನವೆಲ್ಲ ಹೋಗುತ್ತಾ ಬರುತ್ತಾ ತೂಗಿದೆ. ಮಲ್ಲಿಕಾರ್ಜುನಯ್ಯ ಬೇಲಿಯ ಆಚೆಯಿಂದ, "ಏನಣ್ಣ, ಕಾಯಿಗೆ ಜೋಗುಳ ಹಾಡ್ತಿದ್ದೀಯ" ಎಂದ. "ಹೂಂ, ನೀನೂ ಬಾ ಮಲಗ್ಸಾನ" ಎಂದೆ. ಸಂಜೆಯವರೆಗೂ ಗಂಟು ಒಂದು ಕೂದಲೆಳೆ ಸರಿಯಲಿಲ್ಲ.

ಯುಗಾದಿಯ ದಿನ ಎಣ್ಣೆ ನೀರು, ಬೇವು ಬೆಲ್ಲ, ಹೋಳಿಗೆ ಎಲ್ಲ ಮುಗಿದ ಮೇಲೆ ಅಕ್ಕಪಕ್ಕದವರು ಮರದ ಕೆಳಗೆ ಸೇರಿದರು. ಉಯ್ಯಾಲೆ ಖಾಲಿ ಇತ್ತು. ಹೋದ ವರ್ಷದ ನೆನಪು ಎಲ್ಲರಿಗೂ ಇತ್ತು, ಯಾರೂ ತಮ್ಮ ಮಕ್ಕಳನ್ನು ಮುಂದೆ ಬಿಡಲಿಲ್ಲ. ಸ್ಪಂದನ ಹೊಸ ಲಂಗ ಹಾಕಿಕೊಂಡು ದೂರದಲ್ಲಿ, ಹುಲ್ಲಿನ ಮೆದೆಗೆ ಒರಗಿ ನಿಂತಿದ್ದಳು.

ನಾನು ಉಯ್ಯಾಲೆಯ ಹಗ್ಗ ಹಿಡಿದುಕೊಂಡೆ.

"ಒಂದು ಮಾತು ಹೇಳ್ಬೇಕು ಕಣ್ರಪ್ಪ" ಎಂದೆ. "ಹೋದ ವರ್ಷ ಈ ಹಗ್ಗ ಕಿತ್ತಿರ್ಲಿಲ್ಲ. ಬೇಕಾದ್ರೆ ಬಂದು ನೋಡ್ಕಳಿ, ಅದೇ ಹಗ್ಗ ಇದು. ನಜೀರ್ ಸಾಬ್ರು ಕೊಟ್ಟಿದ್ದು ಒಳ್ಳೇ ಹಗ್ಗವೇ. ನಾನು ಕಟ್ಟಿದ ಗಂಟು ಬಿಚ್ಕೊಂತು. ನಮ್ಮ ಸ್ಪಂದನ ಅವತ್ತೇ ನಿಜ ಹೇಳ್ತು. ಸುಳ್ಳು ಹೇಳಿದೋನು ನಾನು."

ಮಲ್ಲಿಕಾರ್ಜುನಯ್ಯ ತಲೆ ಕೆರೆದುಕೊಂಡ. "ಹಂಗಾದ್ರೆ ನಮ್ಮನೆ ಗಂಟೆಲ್ಲ ನೀನೇ ಕಟ್ಟಿದ್ದಲ್ಲಣ್ಣ" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆಯುವುದಕ್ಕೆ ಆಗಲಿಲ್ಲ. "ನಾರಿಂದು ಬುಡು, ನಿಂತೈತೆ. ಪ್ಲಾಸ್ಟಿಕ್ಕಿಂದು ಇದ್ರೆ ನಾಳೆ ಬತ್ತೀನಿ, ಹೊಸದಾಗಿ ಕಟ್ಟಿಕೊಡ್ತೀನಿ" ಎಂದೆ.

ಆಗ ಸ್ಪಂದನ ಮೆದೆ ಬಿಟ್ಟು ಬಂದಳು. ನೇರವಾಗಿ ಉಯ್ಯಾಲೆಯ ಹತ್ತಿರ ಬಂದು ಗಂಟನ್ನು ನೋಡಿದಳು. ಮಣೆಯ ಮೇಲೆ ಹತ್ತಿ ನಿಂತು, ಬೆರಳಲ್ಲಿ ಮುಟ್ಟಿ ನೋಡಿದಳು. ಕೂರಲಿಲ್ಲ, ಇಳಿದಳು.

"ಬಿಚ್ಚು ತಾತ. ನಾನು ಕಟ್ಬೇಕು."

ಕಾಂತೇಶ ಏನೋ ಹೇಳಲು ಹೊರಟ. ಕೊಲ್ಲಾಪುರಮ್ಮ ಅವನ ತೋಳು ಹಿಡಿದುಕೊಂಡಳು. ನಾನು ಒಂದು ಕಡೆಯ ಗಂಟು ಬಿಚ್ಚಿದೆ. ಸ್ಟೂಲು ತಂದು ಅವಳನ್ನು ನಿಲ್ಲಿಸಿ ದಪ್ಪ ಹಗ್ಗ ಮಡಚಿ ಅವಳ ಎಡಗೈಗೆ ಕೊಟ್ಟೆ, ನೀಲಿ ಹಗ್ಗ ಬಲಗೈಗೆ ಕೊಟ್ಟೆ. ಮುರಿದಿದ್ದ ಕೈ ಅದೇ.

"ದಪ್ಪದ್ದು ಸುಮ್ನೆ ನಿಂತಿರ್ಲಿ. ಇದನ್ನ ಒಳಗಿಂದ ಮ್ಯಾಕೆ ತಾ. ಹಿಂದಿಂದ ಸುತ್ತು. ಇನ್ನೊಂದು ಸುತ್ತು. ಒಳಗೆ ತೂರಿಸ್ಬ್ಯಾಡ, ತನ್ನ ಮೈ..."

"ತನ್ನ ಮೈ ಕೆಳಗೇ. ಗೊತ್ತು. ನೀನು ಹೇಳ್ಕೊಂಡು ಹೇಳ್ಕೊಂಡು ಕಟ್ತಿದ್ದೆ, ನಾನು ಕೇಳಿಸ್ಕೊಂಡಿದೀನಿ" ಎಂದಳು. ಮೊದಲ ಸಲಕ್ಕೇ ಬಂತು ಅವಳಿಗೆ. ಹದಿಮೂರು ಸಲ ಕಟ್ಟಿ ಕಲಿತವನು ನಾನು. ಅವಳು ಎರಡು ಕೈಯಲ್ಲೂ ಜೋತುಬಿದ್ದು ಬಿಗಿದಳು. ತುದಿ ಒಂದು ಗೇಣು ಉಳಿದಿದೆಯೇ ಎಂದು ತನ್ನ ಗೇಣಿನಲ್ಲೇ ಅಳೆದಳು.

"ಕೂತ್ಕೋ" ಎಂದಳು.

"ಯಾರು?"

"ನೀನೇ. ನಾನು ಕಟ್ಟಿರೋದಲ್ವಾ, ನೀನು ಮೊದ್ಲು ಕೂತ್ಕೋ."

ಪಂಚೆ ಎತ್ತಿ ಕಟ್ಟಿ ಕೂತೆ. ಮಲ್ಲಿಕಾರ್ಜುನಯ್ಯನ ಮನೆಯವರೆಲ್ಲ ಕಿಸಕಿಸ ನಗುತ್ತಿದ್ದರು. ನಗಲಿ. ಸ್ಪಂದನ ಹಿಂದೆ ನಿಂತು ನೂಕಿದಳು. ನಾನು ತಲೆ ಹಿಂದಕ್ಕೆ ವಾಲಿಸಿದೆ, ಅವಳು ನೋಡುತ್ತಿದ್ದ ಹಾಗೆ. ಹುಣಸೆಯ ಸಣ್ಣ ಎಲೆ, ಅದರ ನಡುವೆ ಬಿಸಿಲು, ಅದರ ಕೆಳಗೆ ನೀಲಿ ಗಂಟು. ಇಲ್ಲಿಂದ ಎಲ್ಲ ಎಷ್ಟು ಚೆನ್ನಾಗಿ ಕಾಣುತ್ತದೆ. ಇಲ್ಲಿ ಕೂತು ಕಂಡದ್ದನ್ನೇ ಅವಳು ಹೇಳಿದ್ದಳು, ನಾನು ಸುಳ್ಳು ಅಂದಿದ್ದೆ. ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದು ಹೇಳೋಣ ಅನ್ನಿಸಿತು, ಹೇಳಲಿಲ್ಲ.

ಹತ್ತು ಸಲ ತೂಗಿ ಅವಳು ಉಯ್ಯಾಲೆ ನಿಲ್ಲಿಸಿದಳು. ನನ್ನ ತೊಡೆಯ ಮೇಲೆ ಹತ್ತಿ ಕೂತಳು. ಒಂದು ವರ್ಷದಲ್ಲಿ ಭಾರವಾಗಿದ್ದಳು. ನಾನು ಕಾಲಲ್ಲಿ ನೆಲ ಒದ್ದು ಮೆಲ್ಲಗೆ ತೂಗಿದೆ. ಅವಳು ನನ್ನ ಎದೆಗೆ ಒರಗಿ ತಲೆ ಎತ್ತಿ ಮೇಲೆ ನೋಡುತ್ತಿದ್ದಳು.

"ತಾತ, ಗಂಟು ಅಲ್ಲಾಡ್ತಾನೇ ಇಲ್ಲ" ಎಂದಳು.

ನಾನು ಕಾದೆ. ಒಂದು ವರ್ಷದಿಂದ ಕೇಳಿ ಕೇಳಿ ಅಭ್ಯಾಸವಾಗಿದ್ದ ಆ ಒಂದು ಮಾತು ಈಗ ಬರುತ್ತದೆ ಎಂದು ಕಾದೆ. ಉಯ್ಯಾಲೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು.

ಅವಳು ಏನೂ ಸೇರಿಸಲಿಲ್ಲ. "ಜೋರಾಗಿ ತೂಗು ತಾತ" ಎಂದಳು.